ಇಕ್ಕಟ್ಟಾದ ತಾರಸಿಯಲ್ಲಿ ಮೂರು ಆಂಟೆನಾಗಳು: ಲೂಪ್, ಕಾಯಿಲ್ ಡೈಪೋಲ್, ಮಡಚಿದ ತಂತಿ

ಹವ್ಯಾಸಿ (ಹ್ಯಾಮ್) ರೇಡಿಯೋದ 40 ಮೀಟರ್ ಬ್ಯಾಂಡಿನ, ಅಂದರೆ ಸುಮಾರು 7 ಮೆಗಾಹರ್ಟ್ಸ್‌ನ, ಅರ್ಧತರಂಗ ಡೈಪೋಲನ್ನು (ನಡುವೆ ಶಕ್ತಿ ಕೊಡುವ ಎರಡು ತೋಳಿನ ತಂತಿ) ನೇರವಾಗಿ ಎಳೆಯಲು ಸುಮಾರು 20 ಮೀಟರ್ ಜಾಗ ಬೇಕು. ನನ್ನ ತಾರಸಿಯ ಕರ್ಣವೇ 11 ಮೀಟರ್. ಹಾಗಾಗಿ ಮೂರು ಬಗೆಯ ಆಂಟೆನಾಗಳನ್ನು ಒಂದಾದ ಮೇಲೊಂದರಂತೆ ಕಟ್ಟಿ, ಅದೇ ರೇಡಿಯೋದಿಂದ 10 ವಾಟ್ ಶಕ್ತಿಯಲ್ಲಿ ಬಳಸಿ ನೋಡಿದೆ.

ಹೆಚ್ಚು ಕಾಲ ತೆಗೆದುಕೊಂಡದ್ದೂ ಹೆಚ್ಚು ಕಲಿಸಿದ್ದೂ ಮ್ಯಾಗ್ನೆಟಿಕ್ ಲೂಪ್. 22 ಮಿಲಿಮೀಟರ್ ತಾಮ್ರದ ಕೊಳವೆಯನ್ನು 1 ಮೀಟರ್ ವ್ಯಾಸಕ್ಕೆ ಬಾಗಿಸಿದರೆ 7.1 ಮೆಗಾಹರ್ಟ್ಸ್‌ನಲ್ಲಿ ಅದರ ವಿಕಿರಣ ರೋಧ (ರೇಡಿಯೋ ಅಲೆಯಾಗಿ ಹೊರಹೋಗುವ ಶಕ್ತಿಯನ್ನು ಸೂಚಿಸುವ ರೋಧ) ಕೇವಲ 0.006 ಓಮ್ ಬರುತ್ತದೆ. ತಾಮ್ರದ ನಷ್ಟವೇ ಅದರ ಐದು ಪಟ್ಟು ಇರುವುದರಿಂದ ಕೊಟ್ಟ ಶಕ್ತಿಯಲ್ಲಿ ಆರನೇ ಒಂದು ಪಾಲು ಮಾತ್ರ ಗಾಳಿಗೆ ಹೋಗುತ್ತದೆ, ಉಳಿದದ್ದು ಶಾಖವಾಗುತ್ತದೆ. ಮೊದಲು ಲೂಪಿನ ಎರಡು ತುದಿಗಳ ನಡುವೆ ಟ್ಯೂನ್ ಮಾಡುವ ಕೆಪಾಸಿಟರನ್ನು ಸ್ಕ್ರೂ ಹಾಕಿ ಬಿಗಿದಿದ್ದೆ. ಆ ಜೋಡಣೆಗಳಿಗೆ ಬೆಸುಗೆ ಹಾಕಿದ ಕೂಡಲೇ ಬ್ಯಾಂಡ್‌ವಿಡ್ತ್ (ಮತ್ತೆ ಟ್ಯೂನ್ ಮಾಡದೆ ಬಳಸಬಹುದಾದ ಆವರ್ತನ ವ್ಯಾಪ್ತಿ) ಕಿರಿದಾಯಿತು. ಅಂದರೆ ಅಲ್ಲಿಯವರೆಗೆ ಅಗಲವಾಗಿ ಕಂಡದ್ದು ನಷ್ಟದ ಫಲವೇ ಆಗಿತ್ತು. ಈಗ ಕೆಲವೇ ಕಿಲೋಹರ್ಟ್ಸ್ ಸರಿದರೂ ಮತ್ತೆ ಟ್ಯೂನ್ ಮಾಡಬೇಕು. ಪ್ಲಾಸ್ಟಿಕ್ ಕಡ್ಡಿಯಿಂದ ಕೆಪಾಸಿಟರನ್ನು ಕೂದಲೆಳೆಯಷ್ಟು ತಿರುಗಿಸಿದಾಗ, ಸ್ಪೀಕರಿನ ಗದ್ದಲ ಒಮ್ಮೆಲೇ ಉಬ್ಬಿ ಇಳಿಯುತ್ತದೆ. ಆ ಉಬ್ಬಿನ ತುದಿಯಲ್ಲೇ ನಿಲ್ಲಿಸಬೇಕು. ಕೇವಲ 10 ವಾಟ್‌ನಲ್ಲೂ ಕೆಪಾಸಿಟರಿನ ಮೇಲೆ ಸಾವಿರಕ್ಕೂ ಹೆಚ್ಚು ವೋಲ್ಟ್ ಏಳುವುದರಿಂದ ಪ್ರಸಾರ ಮಾಡುವಾಗ ಕೈಯನ್ನು ದೂರವಿಡಲೇಬೇಕು. ಆದರೆ 14 ಮೆಗಾಹರ್ಟ್ಸ್‌ನಲ್ಲಿ ಇದೇ ಲೂಪಿನ ವಿಕಿರಣ ರೋಧ ಹದಿನಾರು ಪಟ್ಟು ಏರಿ, ದಕ್ಷತೆ ಲೆಕ್ಕದ ಪ್ರಕಾರ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರುತ್ತದೆ.

ಕರ್ಣಕ್ಕೆ ಹೊಂದುವಂತೆ 10 ಮೀಟರಿಗೆ ಕುಗ್ಗಿಸಿ, ಪ್ರತಿ ತೋಳಿನ ನಡುವೆ ಕಾಯಿಲ್ ಇಟ್ಟ ಡೈಪೋಲ್ 40 ಮೀಟರಿನಲ್ಲಿ ಲೂಪಿಗಿಂತ ಸ್ಪಷ್ಟವಾಗಿ ಮೇಲಾಗಿತ್ತು. ಕಾಯಿಲನ್ನು ದಪ್ಪ ತಂತಿಯಲ್ಲಿ, ಸುತ್ತುಗಳ ನಡುವೆ ತುಸು ಅಂತರ ಬಿಟ್ಟು ಸುತ್ತಬೇಕು. ಒಂದೇ ಬ್ಯಾಂಡಿಗೆ ಕಟ್ಟುಬಿದ್ದಿರುವುದು ಇದರ ಕೊರತೆ.

ಮೂರನೆಯದು 20 ಮೀಟರ್ ತಂತಿಯನ್ನು ತಾರಸಿಯ ಮೂರು ಅಂಚುಗಳ ಉದ್ದಕ್ಕೂ ಮಡಚಿ, ಒಂದು ತುದಿಯಿಂದ, ಅಲ್ಲಿನ ಹೆಚ್ಚಿನ ರೋಧವನ್ನು ಕೇಬಲಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್ ಮೂಲಕ ಶಕ್ತಿ ಕೊಡುವ ವಿಧಾನ. ಕಟ್ಟಲು ಒಂದು ಸಂಜೆ ಸಾಕಾಯಿತು, 40, 20, 15, 10 ಮೀಟರ್ ಬ್ಯಾಂಡುಗಳೆಲ್ಲ ದೊರೆತವು, ದೂರದ ಉತ್ತರಗಳೂ ಹೆಚ್ಚು ಬಂದದ್ದು ಇದರಲ್ಲೇ. ಆದರೆ ರೇಡಿಯೋದಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲಿನ ಹೊರಕವಚವೂ ಆಂಟೆನಾದ ಭಾಗವಾಗಿ ಮನೆಯೊಳಗಿನ ವಿದ್ಯುತ್ ಗದ್ದಲವನ್ನೆಲ್ಲ ಹೊತ್ತು ತಂದಿತು. ಕೇಬಲನ್ನು ಫೆರೈಟ್ ಉಂಗುರಕ್ಕೆ ಸುತ್ತಿ ಚೋಕ್ (ಹೊರಕವಚದ ಪ್ರವಾಹಕ್ಕೆ ತಡೆ) ಮಾಡಿದ ಮೇಲೆ ಅದು ತಗ್ಗಿತು, ಪೂರ್ತಿ ಹೋಗಲಿಲ್ಲ.

ಎಸ್‌ಡಬ್ಲ್ಯೂಆರ್ ಮೀಟರನ್ನು (ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆ ಎಂದು ತೋರಿಸುವ ಸಾಧನ; 1:1 ಎಂದರೆ ಏನೂ ಹಿಂದಿರುಗುತ್ತಿಲ್ಲ) ಮಾತ್ರ ನಂಬಿದ್ದರೆ ನಾನು ಲೂಪನ್ನೇ ಆರಿಸುತ್ತಿದ್ದೆ, ಏಕೆಂದರೆ ಅತ್ಯಂತ ಕಡಿಮೆ ಅಂಕಿ ಕಂಡದ್ದು ಅದರಲ್ಲೇ. ಶಕ್ತಿಯನ್ನೆಲ್ಲ ಶಾಖವಾಗಿಸಿ ಒಂದಿಷ್ಟೂ ದೂರ ಪ್ರಸಾರ ಮಾಡದ ಡಮ್ಮಿ ಲೋಡ್ (ಪರೀಕ್ಷೆಗೆ ಆಂಟೆನಾದ ಬದಲು ಜೋಡಿಸುವ ರೋಧಕ) ಕೂಡ 1:1 ತೋರಿಸುತ್ತದೆ ಎಂಬುದನ್ನು ಹೊಸಬರಿಗೆ ಒತ್ತಿ ಹೇಳಬಯಸುತ್ತೇನೆ.

ಈಗ 7 ಮೆಗಾಹರ್ಟ್ಸ್‌ನಲ್ಲಿ ಮಾತಾಡುವುದು ಮಡಚಿದ ತಂತಿಯಲ್ಲಿ. ಗದ್ದಲ ಏರಿದ ಸಂಜೆ ಕೇಳಲು ಲೂಪಿಗೆ ಬದಲಾಯಿಸಿಕೊಂಡು, ಅದರ ಬಳೆಯ ಮುಖವನ್ನು ಗದ್ದಲದ ಮೂಲದತ್ತ ತಿರುಗಿಸುತ್ತೇನೆ. ತಂತಿಯಲ್ಲಿ ಮುಳುಗಿದ್ದ ಕ್ಷೀಣ ದನಿ ಆಗ ಎದ್ದು ಬರುತ್ತದೆ.