ಮೈಸೂರಿನಲ್ಲಿ ಇನ್ನೂರು ರೂಪಾಯಿಗೆ ಊರೆಲ್ಲಾ ತೋರಿಸ್ತೀನಿ ಅಂದ್ರೆ ದಯವಿಟ್ಟು ಆಟೋ ಹತ್ತಬೇಡಿ

ಇದನ್ನು ಬರೆಯೋಕೆ ನಂಗೆ ನಾಚಿಕೆನೇ ಆಗ್ತಿದೆ. ಮೈಸೂರಲ್ಲಿ ಮೋಸ ಹೋಗೋದು ಹೊರ ರಾಜ್ಯದವರು, ಫಾರಿನ್‌ನವರು, ನಮಗ್ಯಾರು ಟೋಪಿ ಹಾಕ್ತಾರೆ ಅಂತ ಹೊರಟವಳು ನಾನು. ದಾವಣಗೆರೆಯಿಂದ ರಾತ್ರಿ ರೈಲು ಹತ್ತಿದಾಗ ಅತ್ತೆಗೂ ಅದನ್ನೇ ಹೇಳಿದ್ದೆ. ನಮ್ಮದೇ ಭಾಷೆ, ನಮ್ಮದೇ ರಾಜ್ಯ, ಎರಡು ದಿನ ಆರಾಮಾಗಿ ಸುತ್ತಿ ಬರೋಣ ಅಂತ.

ನಾವು ನಾಲ್ಕು ಜನ. ನಾನು, ನಮ್ಮನೆಯವರು, ಎಂಟು ವರ್ಷದ ಮಗ, ಅತ್ತೆ. ಅತ್ತೆಗೆ ಎರಡೇ ಆಸೆ ಇದ್ದದ್ದು. ಟಿವಿಯಲ್ಲಿ ವರ್ಷಾ ವರ್ಷಾ ದಸರಾ ನೋಡಿ ಕೈ ಮುಗಿಯುವ ಆ ಚಿನ್ನದ ಅಂಬಾರಿಯನ್ನು ಹತ್ತಿರದಿಂದ ನೋಡಬೇಕು, ಒಂದು ಮೈಸೂರು ಸಿಲ್ಕ್ ಸೀರೆ ತಗೋಬೇಕು. ಮಗನಿಗೆ ಜೂ. ನನಗೆ ನಜರ್‌ಬಾದಿನ ಮೈಲಾರಿ ದೋಸೆ. ನಮ್ಮನೆಯವರಿಗೆ ನಿದ್ದೆ ಸಾಕು, ಅದು ಬಿಡಿ.

ಶನಿವಾರ ಬೆಳಗ್ಗೆ ಲಾಡ್ಜಿನಲ್ಲಿ ಸ್ನಾನ ಮುಗಿಸಿ ಒಂಬತ್ತಕ್ಕೆ ಹೊರಗೆ ಬಂದೆವು. ಗೇಟಿನ ಮುಂದೆಯೇ ಒಂದು ಆಟೋ. ಮೂವತ್ತರ ಆಸುಪಾಸಿನ ಹುಡುಗ, ಹಣೆಯಲ್ಲಿ ಕುಂಕುಮ, ಇಸ್ತ್ರಿ ಮಾಡಿದ ಖಾಕಿ ಶರ್ಟು. "ಅರಮನೆ ಹತ್ತಕ್ಕೆ ತೆರೆಯೋದು ಅಕ್ಕಾ. ಅಷ್ಟೊತ್ತು ಸುಮ್ನೆ ಬಿಸಿಲಲ್ಲಿ ಯಾಕೆ ನಿಲ್ತೀರಾ? ಇನ್ನೂರು ರೂಪಾಯಿ ಕೊಡಿ, ಇಡೀ ಊರು ತೋರಿಸಿ ಇಲ್ಲೇ ತಂದು ಬಿಡ್ತೀನಿ." ಇಡೀ ದಿನಕ್ಕಾ ಅಂತ ಕೇಳಿದೆ. "ಇಡೀ ದಿನಕ್ಕೆ" ಅಂದ. ಅತ್ತೆ ಹತ್ತುವಾಗ ಕೈ ಹಿಡಿದು ಕೂರಿಸಿದ. ಮೀಟರ್ ಮೇಲೆ ಒಂದು ಟವೆಲ್ ಹೊದಿಸಿತ್ತು. ಅದನ್ನು ನೋಡಿದೆ, ಏನೂ ಅನ್ನಿಸಲಿಲ್ಲ.

ನೀವೇ ಲೆಕ್ಕ ಹಾಕಿ. ಇನ್ನೂರು ರೂಪಾಯಿಗೆ ಯಾವ ಊರಿನ ಆಟೋದವನು ಎಂಟು ಗಂಟೆ ನಿಮ್ಮ ಹಿಂದೆ ತಿರುಗುತ್ತಾನೆ? ಗ್ಯಾಸಿಗೂ ಸಾಲದು. ಈ ಲೆಕ್ಕ ನನಗೆ ಹೊಳೆದದ್ದು ಸಂಜೆ ಆರು ಗಂಟೆಗೆ.

ಅರಮನೆ ಹತ್ತಿರ ಬಂದಾಗ ಹತ್ತು ಆಗೋಕೆ ಸ್ವಲ್ಪ ಇತ್ತು. ಅವನು ಗಾಡಿ ನಿಧಾನ ಮಾಡಿದ, ನಿಲ್ಲಿಸಲಿಲ್ಲ. ಎದುರಿಗೆ ನಿಂತಿದ್ದ ಒಬ್ಬರ ಹತ್ತಿರ ಏನೋ ಕೇಳಿದ ಹಾಗೆ ಮಾಡಿ ನಮ್ಮ ಕಡೆ ತಿರುಗಿದ. "ಯಾರೋ ವಿಐಪಿ ಬಂದಿದಾರಂತೆ ಅಕ್ಕಾ, ಮಧ್ಯಾಹ್ನದವರೆಗೆ ಪಬ್ಲಿಕ್ ಬಿಡಲ್ವಂತೆ. ನೀವು ಪುಣ್ಯವಂತರು ಬಿಡಿ, ಇವತ್ತು ಸಿಲ್ಕ್ ಫ್ಯಾಕ್ಟರಿಯಲ್ಲಿ ಡಿಸ್ಕೌಂಟ್ ಇದೆ. ಮೊದಲು ಅಲ್ಲಿ ಹೋಗಿಬರೋಣ." ಗೇಟಿನ ಹತ್ತಿರ ಇಳಿದು ಹತ್ತು ಹೆಜ್ಜೆ ನಡೆದು ನಾವೇ ಕೇಳಬಹುದಿತ್ತು. ಕೇಳಲಿಲ್ಲ. ಇಡೀ ದಿನ ಹಾಳಾದದ್ದು ಆ ಹತ್ತು ಹೆಜ್ಜೆಯಿಂದ.

ಅಂಗಡಿಯ ಬೋರ್ಡು ನೋಡಿದರೆ ಸರ್ಕಾರದ್ದು ಅಂತಲೇ ಅನ್ನಿಸಬೇಕು, ಹಾಗಿತ್ತು. ಆನೆ, ಗಂಡಭೇರುಂಡ, "ಮೈಸೂರು", "ಸಿಲ್ಕ್", "ಫ್ಯಾಕ್ಟರಿ" ಎಲ್ಲವೂ ಇತ್ತು. ಬಾಗಿಲ ಪಕ್ಕದಲ್ಲಿ ಒಂದು ಕೈಮಗ್ಗ. ಅದರ ಮುಂದೆ ಒಬ್ಬ ಅಜ್ಜ ಕೂತಿದ್ದರು. ನಾವು ಒಳಗೆ ಕಾಲಿಟ್ಟ ಮೇಲೆ ಮಗ್ಗ ಆಡಿಸಲು ಶುರು ಮಾಡಿದರು, ನಾವು ಮೆಟ್ಟಿಲು ಹತ್ತಿದ ಮೇಲೆ ಸದ್ದು ನಿಂತಿತು. ಅದಕ್ಕೂ ಮುಂಚೆ, ನಾವು ಆಟೋದಿಂದ ಇಳಿಯುವ ಮೊದಲೇ, ಬಾಗಿಲ ಹುಡುಗ ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ. ಮಗ ಇಣುಕಿ ನೋಡಿ, "ಅಮ್ಮಾ, ನಮ್ಮ ಆಟೋ ನಂಬರ್ ಬರೀತಿದಾರೆ" ಅಂದ. ಪಾರ್ಕಿಂಗ್ ಇರಬೇಕು ಕಣೋ ಅಂದೆ.

ಮಹಡಿಯ ಮೇಲೆ ಬಿಳಿ ಹಾಸು, ಫ್ಯಾನು, ಬಾದಾಮಿ ಹಾಲು. ಒಂದೂವರೆ ಗಂಟೆ. ಅತ್ತೆಗೆ ಎಲೆ ಹಸಿರು ಬಣ್ಣದ್ದು ಹಿಡಿಸಿತು, ಸಣ್ಣ ಜರಿ ಅಂಚು. ಹೇಳಿದ ಬೆಲೆ 11,500. ನಾನು ಚೌಕಾಸಿ ಮಾಡಿದೆ. 6,800ಕ್ಕೆ ಇಳಿಸಿ ಗೆದ್ದೆ ಅಂತ ಒಳಗೊಳಗೇ ಬೀಗಿದೆ ಬೇರೆ! ಸ್ಕ್ಯಾನ್ ಮಾಡಿದಾಗ ಅಂಗಡಿ ಹೆಸರು ಬರಲಿಲ್ಲ, ಯಾರದೋ ಸ್ವಂತ ಹೆಸರು ಬಂತು. ಬಿಲ್ಲಿನ ಮೇಲೆ "ಎಸ್ಟಿಮೇಟ್" ಅಂತ ಇತ್ತು, ಜಿಎಸ್‌ಟಿ ನಂಬರ್ ಇರಲಿಲ್ಲ. ಕೆಳಗೆ ನೇರಳೆ ಶಾಯಿಯ ಸೀಲು: ಮಾರಿದ ಮಾಲು ವಾಪಸ್ ಇಲ್ಲ.

ಅಲ್ಲಿಂದ ಶ್ರೀಗಂಧದ ಎಣ್ಣೆ ಅಂಗಡಿ. ಮಣಿಕಟ್ಟಿಗೆ ಒಂದು ತೊಟ್ಟು ಸವರಿ, "ಮೂರು ದಿನ ವಾಸನೆ ಹೋಗಲ್ಲ ಮೇಡಂ" ಅಂದರು. 900 ರೂಪಾಯಿಗೆ ಹೆಬ್ಬೆರಳಿನಷ್ಟು ದೊಡ್ಡ ಬಾಟಲಿ. ಊಟಕ್ಕೆ ಕೈ ತೊಳೆದಾಗಲೇ ವಾಸನೆ ಹೋಗಿತ್ತು. ಅಪ್ಪಟ ಶ್ರೀಗಂಧದ ಎಣ್ಣೆ ಗ್ರಾಂ ಲೆಕ್ಕದಲ್ಲಿ ಮಾರೋ ವಸ್ತು. ಮೈಸೂರಿನ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಗೆ ನೂರು ವರ್ಷ ದಾಟಿದೆ, ಬೇಕಾದವರು ಅದನ್ನು ನಡೆಸುವ ಸರ್ಕಾರಿ ಕಂಪನಿ ಕೆಎಸ್‌ಡಿಎಲ್‌ನ ಮಳಿಗೆಯಲ್ಲೇ ಕೇಳಿ. ಅಲ್ಲಿನ ಬೆಲೆ ನೋಡಿದರೆ ನಾನು ತಂದಿದ್ದು ಏನು ಅಂತ ನಿಮಗೇ ಗೊತ್ತಾಗುತ್ತೆ.

ಮೂರನೆಯದು ಬೀಟೆ ಮರದ ಕೆತ್ತನೆ ಅಂಗಡಿ. ಅಲ್ಲಿ ಏನೂ ತಗೊಳ್ಳಲಿಲ್ಲ. ಹೊರಗೆ ಬಂದಾಗ ಡ್ರೈವರ್ ಮುಖ ಗಂಟು ಹಾಕಿತ್ತು. "ಸುಮ್ನೆ ಇನ್ನೊಂದು ಹತ್ತು ನಿಮಿಷ ನೋಡಿ ಅಕ್ಕಾ, ತಗೊಳ್ಳೋದು ಬೇಡ, ಒಳಗೆ ಇದ್ದರೆ ಸಾಕು" ಅಂದ. ಒಳಗೆ ಇದ್ದರೆ ಸಾಕು! ಅಷ್ಟು ಬಾಯಿ ಬಿಟ್ಟು ಹೇಳಿದರೂ ನಮಗೆ ತಲೆಗೆ ಹೋಗಲಿಲ್ಲ ನೋಡಿ.

ಎರಡು ಗಂಟೆ ಆಗಿತ್ತು. ಮೈಲಾರಿ ದೋಸೆ ಅಂದೆ. "ಈಗ ಕ್ಲೋಸ್ ಅಕ್ಕಾ, ಅಲ್ಲಿ ರಷ್ಷು ಬೇರೆ" ಅಂತ ಹೇಳಿ ಒಂದು ಹೋಟೆಲಿಗೆ ಕರೆದುಕೊಂಡು ಹೋದ. ರಾಜಮನೆತನದ ಊಟವಂತೆ. ತಲೆಗೆ 450. ತಣ್ಣಗಿನ ಪೂರಿ, ಸಕ್ಕರೆ ಹಾಕಿದ ಸಾರು. ಮಗ ಮೊಸರನ್ನ ತಿಂದು ಎದ್ದ. ಆಮೇಲೆ ಸೇಂಟ್ ಫಿಲೋಮಿನಾ ಚರ್ಚಿನ ಮುಂದೆ ಐದು ನಿಮಿಷ. ಆ ಎರಡು ಗೋಪುರಗಳನ್ನು ಕತ್ತೆತ್ತಿ ನೋಡುವಷ್ಟರಲ್ಲಿ ಹಾರ್ನ್ ಹೊಡೆದ.

ಅರಮನೆಗೆ ತಂದು ಬಿಟ್ಟಾಗ ನಾಲ್ಕೂ ಮುಕ್ಕಾಲು. ಟಿಕೆಟ್ ಕೊಡುವವರನ್ನು ಕೇಳಿದೆ, ಬೆಳಗ್ಗೆ ವಿಐಪಿ ಬಂದಿದ್ರಾ ಅಂತ. ಅವರು ತಲೆ ಎತ್ತದೆ, "ಹತ್ತರಿಂದ ಓಪನ್ ಇದೆ ಮೇಡಂ, ಐದೂವರೆಗೆ ಕ್ಲೋಸ್, ಬೇಗ ಹೋಗಿ" ಅಂದರು.

ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಸುಟ್ಟು ಹೋದ ಮೇಲೆ ಹದಿನೈದು ವರ್ಷ ಹಿಡಿದು, 1912ಕ್ಕೆ ಕಟ್ಟಿ ಮುಗಿಸಿದ ಮನೆ ಅದು. ನಾವು ಮುಕ್ಕಾಲು ಗಂಟೆಯಲ್ಲಿ ನೋಡಿ ಮುಗಿಸಿದೆವು. ಗೊಂಬೆ ತೊಟ್ಟಿಯಲ್ಲಿ ಅಂಬಾರಿ ಸಿಕ್ಕಿತು, ಅಷ್ಟು ಪುಣ್ಯ. ಅತ್ತೆ ಕೈ ಮುಗಿದು ನಿಂತರು, ಹಿಂದಿನವರು ತಳ್ಳಿದರು. ಕಲ್ಯಾಣ ಮಂಟಪದ ಗೋಡೆಯಲ್ಲಿ ದಸರಾ ಮೆರವಣಿಗೆಯ ವರ್ಣಚಿತ್ರಗಳು ಇವೆ. ಒಂದೊಂದರಲ್ಲೂ ನೂರಾರು ಮುಖ. ನಿಧಾನಕ್ಕೆ ನೋಡುತ್ತಾ ಹೋಗುವಂಥದ್ದು. ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ, ಗ್ಲಾಸ್ಗೋದಿಂದ ತರಿಸಿದ್ದು. ಅತ್ತೆ ಮಂಡಿ ಹಿಡಿದುಕೊಂಡು ಎರಡನೇ ಚಿತ್ರದ ಹತ್ತಿರ ಇದ್ದಾಗಲೇ ಸೆಕ್ಯುರಿಟಿಯವರು ಸೀಟಿ ಊದತೊಡಗಿದರು.

ಹೊರಗೆ ಬಂದಾಗ ಆಟೋ ಇರಲಿಲ್ಲ. ಇನ್ನೂರು ರೂಪಾಯಿಯನ್ನು ಮೊದಲೇ ಇಸಿದುಕೊಂಡಿದ್ದ.

ಕಾಲೆಳೆದುಕೊಂಡು ಕೆ.ಆರ್. ಸರ್ಕಲ್ ಕಡೆ ನಡೆದೆವು. ಅಲ್ಲಿ ಕೆಎಸ್‌ಐಸಿ ಮಳಿಗೆ ಕಂಡಿತು. ಅಸಲಿ ಸರ್ಕಾರಿ ಮೈಸೂರು ಸಿಲ್ಕ್ ಇವರದ್ದು. ಇವರ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು, ಈಗಲೂ ಮಾನಂದವಾಡಿ ರಸ್ತೆಯಲ್ಲಿದೆ. ಅತ್ತೆ ಖುಷಿಯಿಂದ ಕವರ್ ಬಿಚ್ಚಿ, ಇದಕ್ಕೆ ಹೊಂದುವ ಬ್ಲೌಸ್ ಪೀಸ್ ಇದೆಯಾ ಅಂತ ಕೇಳಿದರು. ಕೌಂಟರಿನಲ್ಲಿದ್ದವರು ಸೀರೆಯನ್ನು ಮುಟ್ಟಿ ನೋಡಿದರು. ಅಂಚು ಮಡಚಿದರು, ತಿರುಗಿಸಿದರು. "ಅಮ್ಮಾ, ಇದನ್ನ ಎಲ್ಲಿ ತಗೊಂಡ್ರಿ?" ಅಂದರು, ಬಹಳ ಮೆಲ್ಲಗೆ.

ಆಮೇಲೆ ಅವರದೊಂದು ಸೀರೆ ಬಿಚ್ಚಿ ತೋರಿಸಿದರು. ಪ್ರತಿ ಸೀರೆಯ ಅಂಚಿನಲ್ಲೂ ಅದರದೇ ಒಂದು ನಂಬರ್ ಇರುತ್ತೆ, ಜೊತೆಗೆ ಹೋಲೋಗ್ರಾಂ. ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. 6,800ಕ್ಕೆ ನಮ್ಮಲ್ಲಿ ಸೀರೆಯೇ ಇಲ್ಲ ಅಂದರು. ಅವರ ಸೀರೆಯನ್ನು ಕೈಗೆ ಕೊಟ್ಟಾಗ ಅದು ನೀರಿನ ಹಾಗೆ ಜಾರಿತು. ನಮ್ಮದು ಹಾಗೇ ಗರಿಗರಿಯಾಗಿ ನಿಂತಿತ್ತು.

ರಾತ್ರಿ ಲಾಡ್ಜಿನಲ್ಲಿ ಅತ್ತೆ ಸೆರಗಿನಿಂದ ಒಂದೆಳೆ ಕಿತ್ತು, ಬೆಂಕಿಪೊಟ್ಟಣ ಕೇಳಿದರು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಅವರ ತವರಲ್ಲಿ ಹಾಗೇ ಪರೀಕ್ಷೆ ಮಾಡುತ್ತಿದ್ದರಂತೆ. ಈ ಎಳೆ ಸುರುಟಿಕೊಂಡು ಕರಗಿತು. ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಗುಂಡು ಉಳಿಯಿತು, ಒತ್ತಿದರೂ ಒಡೆಯಲಿಲ್ಲ. ಪಾಲಿಯೆಸ್ಟರ್. ಅತ್ತೆ ಏನೂ ಮಾತಾಡಲಿಲ್ಲ. ಒಂದು ಮಾತು ಬೈದಿದ್ದರೂ ನನಗೆ ಸಮಾಧಾನ ಆಗ್ತಿತ್ತು.

ಭಾನುವಾರ ಆಟೋ ಸಹವಾಸವೇ ಬೇಡ ಅಂತ ಸಿಟಿ ಬಸ್ಸು ಹಿಡಿದೆವು. ಮೊದಲು ಮೈಲಾರಿ. ಬೆಣ್ಣೆ ದೋಸೆಯ ಊರಿನವಳು ಹೇಳ್ತಿದೀನಿ, ನಂಬಿ: ಅದು ನಮ್ಮ ಗರಿಗರಿ ದೋಸೆಯಲ್ಲ, ಅಂಗೈ ಮೇಲೆ ಇಟ್ಟರೆ ಮಡಚಿಕೊಳ್ಳುವಷ್ಟು ಮೆತ್ತಗೆ, ಆದರೂ ಎರಡನೆಯದು ಕೇಳಿದೆ. ಚಾಮುಂಡಿ ಬೆಟ್ಟಕ್ಕೆ 201 ನಂಬರ್ ಬಸ್ಸು. ಶಕ್ತಿ ಯೋಜನೆಯಲ್ಲಿ ಅತ್ತೆಗೂ ನನಗೂ ಸೊನ್ನೆ ಟಿಕೆಟ್. ಹಿಂದಿನ ದಿನ ಕಳೆದುಕೊಂಡದ್ದರ ಮುಂದೆ ಇದೇನು ಮಹಾ, ಆದರೂ ಮನಸ್ಸಿಗೆ ಹಿತವಾಯಿತು. ಮಧ್ಯಾಹ್ನ ಜೂ. ನೀವು ಹೋಗೋದಾದರೆ ಮಂಗಳವಾರ ರಜೆ ಅನ್ನೋದು ನೆನಪಿರಲಿ. ಸಂಜೆ ಏಳಕ್ಕೆ ಅರಮನೆಯ ದೀಪ ಹಚ್ಚಿದರು, ಲಕ್ಷದ ಹತ್ತಿರ ಬಲ್ಬು ಒಟ್ಟಿಗೇ ಹತ್ತಿಕೊಂಡಾಗ ಮಗ "ಹೋ" ಅಂತ ಕೂಗಿದ. ಅದು ಭಾನುವಾರ ಮತ್ತು ಸರ್ಕಾರಿ ರಜೆ ದಿನ ಇರುತ್ತೆ, ಅದಕ್ಕೆ ನಿಮ್ಮ ರೈಲು ರಾತ್ರಿಯದ್ದೇ ಇರಲಿ.

ಮಧ್ಯೆ ನಮ್ಮನೆಯವರು ಆ ಅಂಗಡಿಗೂ ಹೋಗಿ ಬಂದರು. ಅಂಗಡಿಯವರು ಬಿಲ್ಲಿನ ಸೀಲು ತೋರಿಸಿದರಂತೆ. ತಾವು "ಸಿಲ್ಕ್ ಸೀರೆ" ಅಂದಿದ್ದು ಅಷ್ಟೇ, "ಪ್ಯೂರ್ ಸಿಲ್ಕ್" ಅನ್ನಲಿಲ್ಲ ಅಂದರಂತೆ. ಆ ನೋಟ್‌ಬುಕ್ಕಿನ ವಿಷಯ ಬಿಡಿಸಿ ಹೇಳಿದ್ದು ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿ. ಯಾವ ಗಾಡಿ ಎಷ್ಟು ಜನರನ್ನು ತಂದಿತು, ಎಷ್ಟು ವ್ಯಾಪಾರ ಆಯ್ತು ಅಂತ ಬರೆದಿಟ್ಟು ಸಂಜೆ ಲೆಕ್ಕ ಚುಕ್ತಾ ಮಾಡುತ್ತಾರಂತೆ. ಜನ ಏನೂ ಕೊಳ್ಳದಿದ್ದರೂ ಕರೆತಂದದ್ದಕ್ಕೆ ಸ್ವಲ್ಪ ಕೊಡುವ ಅಂಗಡಿಗಳೂ ಇವೆಯಂತೆ. ಹತ್ತು ನಿಮಿಷ ಒಳಗೆ ಇದ್ದರೆ ಸಾಕು ಅಂದದ್ದು ಅದಕ್ಕೇ. ಎಲ್ಲಾ ಆಟೋದವರೂ ಹೀಗಲ್ಲ. ಅದೇ ರಾತ್ರಿ ಸ್ಟೇಷನ್ನಿಗೆ ಮೀಟರ್ ಹಾಕಿ ಬಿಟ್ಟವರು ಚಿಲ್ಲರೆ ಕೂಡ ಎಣಿಸಿ ವಾಪಸ್ ಕೊಟ್ಟರು.

ಊರಿಗೆ ಬಂದು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ದೂರು ತಗೊಂಡರು, ಬಿಲ್ ಕೇಳಿದರು. ನನ್ನ ಹತ್ತಿರ ಇರುವುದು ಎಸ್ಟಿಮೇಟ್. ಅದಕ್ಕೇ ಹೇಳೋದು, ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡದಿದ್ದರೆ ಬಾದಾಮಿ ಹಾಲು ಕುಡಿದಿದ್ದರೂ ಎದ್ದು ಬನ್ನಿ, ಸಂಕೋಚ ಬೇಡ. ಅರಮನೆ ಬಂದ್ ಅಂತ ಯಾರೇ ಹೇಳಲಿ, ಟಿಕೆಟ್ ಕೌಂಟರಿನವರೆಗೆ ನಡೆದು ಹೋಗಿ ನೀವೇ ಕೇಳಿ.

ಇನ್ನೊಂದು ಮರೆತೆ. ಬೆಳಗ್ಗೆ ಆ ಹುಡುಗ ನನ್ನ ನಂಬರ್ ತಗೊಂಡಿದ್ದ. ಮೊನ್ನೆ ಮೆಸೇಜ್ ಬಂದಿದೆ: "ಅಕ್ಕಾ, ದಸರಾಕ್ಕೆ ಬರ್ತೀರಾ? ಅಮ್ಮ ಹೇಗಿದಾರೆ?" ಬ್ಲಾಕ್ ಮಾಡೋಕೆ ಹೊರಟೆ. ಅತ್ತೆ ಬೇಡ ಅಂದರು. ಒಂದು ಸಲ ತಾವೇ ಮಾತಾಡಬೇಕಂತೆ.