ಕಲಬುರಗಿ–ಬೆಂಗಳೂರು ‘ಮುಕ್ಕಾಲು ತಾಸು’ ಅಂತ ನಂಬಿ ಮುಂದಿನ ವಿಮಾನ ಬುಕ್ ಮಾಡಬೇಡಿ

ಕಲಬುರಗಿಯಿಂದ ಬೆಂಗಳೂರಿಗೆ ಹಾರಿ, ಅಲ್ಲಿ ಇನ್ನೊಂದು ವಿಮಾನ ಹತ್ತುವ ಪ್ಲಾನ್ ಇರುವವರು ಇದನ್ನು ಓದಿ. ಅಪ್ಪ-ಅವ್ವನ ಕಾಶಿ ಯಾತ್ರೆಗೆ ನಮ್ಮೂರಿನ ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ಟಿಕೆಟ್ ಮಾಡಿಸಿದ್ದೆವು. “ಚಿಂತಿ ಮಾಡಬ್ಯಾಡ್ರಿ, ಮುಕ್ಕಾಲು ತಾಸಿನಾಗ ಬೆಂಗಳೂರು ಮುಟ್ತೀರಿ” ಅಂದ. ಎರಡು ವಿಮಾನಗಳ ನಡುವಿನ ಸಮಯವನ್ನೂ ಆ ಲೆಕ್ಕದಲ್ಲೇ ಇಟ್ಟಿದ್ದ. ಟಿಕೆಟ್ ಕಳಿಸಿದ್ದು ಮಾತ್ರ ಹೊರಡುವ ಹಿಂದಿನ ರಾತ್ರಿ!

ಅವನ ಮುಕ್ಕಾಲು ತಾಸು ಬಂದಿದ್ದು ದೂರ ತೋರಿಸುವ ಒಂದು ವೆಬ್‌ಸೈಟಿನಿಂದ. ನಕ್ಷೆಯ ಮೇಲೆ ಗೆರೆ ಎಳೆದರೆ ಎರಡು ವಿಮಾನ ನಿಲ್ದಾಣಗಳ ನಡುವೆ ಸುಮಾರು 470 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗ ಅಂತ ಹಿಡಿದರೆ 35 ನಿಮಿಷ, ಸ್ವಲ್ಪ ಸೇರಿಸಿದರೆ ಅವನ ಮುಕ್ಕಾಲು ತಾಸು. ಲೆಕ್ಕ ಸರಿ, ವಿಮಾನ ಹಾಗೆ ಹಾರಲ್ಲ ಅಷ್ಟೇ. ಏರುವಾಗ, ಇಳಿಯುವಾಗ ಆ ವೇಗ ಇರಲ್ಲ. ಸಣ್ಣ ಊರುಗಳಿಗೆ ಬರುವ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನವಾದರೆ ಪೂರ್ತಿ ವೇಗವೇ ಗಂಟೆಗೆ ಸುಮಾರು 500 ಕಿ.ಮೀ. ಬೆಂಗಳೂರಿನ ಮೇಲೆ ದಟ್ಟಣೆ ಇದ್ದರೆ ಒಂದೆರಡು ಸುತ್ತು ಜಾಸ್ತಿ. ಟಿಕೆಟ್ ಮೇಲಿನ ಸಮಯದಲ್ಲಿ ರನ್‌ವೇ ತನಕ ಓಡಾಡುವುದೂ ಸೇರಿರುತ್ತದೆ. ಹಾಗಾಗಿ ಒಂದು ತಾಸಿನ ಮೇಲೆಯೇ ಹಿಡಿಯಿರಿ.

ಅದಕ್ಕಿಂತ ದೊಡ್ಡ ಮೋಸ ಬೇರೆ ಇತ್ತು. ಎರಡೂ ಟಿಕೆಟ್ ಬೇರೆ ಬೇರೆ ಪಿಎನ್‌ಆರ್, ಬೇರೆ ಬೇರೆ ಕಂಪನಿ. ಅಂದರೆ ಬೆಂಗಳೂರಿನಲ್ಲಿ ಇಳಿದು, ಬ್ಯಾಗಿಗಾಗಿ ಕಾದು, ಹೊರಗೆ ಬಂದು, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಶಟಲ್ ಬಸ್ ಹಿಡಿದು, ಮತ್ತೆ ಚೆಕ್-ಇನ್ ಸಾಲಿನಲ್ಲಿ ನಿಲ್ಲಬೇಕು. ಮೊಣಕಾಲು ನೋವಿನ ಅವ್ವನನ್ನು ಕರೆದುಕೊಂಡು! ದೇಶದೊಳಗಿನ ವಿಮಾನದ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆಯೇ ಮುಚ್ಚುತ್ತದೆ. ನಾವು ಮುಟ್ಟುವಷ್ಟರಲ್ಲಿ ಮುಚ್ಚಿತ್ತು. ಮೊದಲ ಕಂಪನಿಯವರು “ಅದು ನಮ್ಮ ಟಿಕೆಟ್ ಅಲ್ಲ” ಅಂದರು. ಎರಡನೆಯವರು “ನೀವು ಲೇಟು” ಅಂದರು. ಒಂದೇ ಪಿಎನ್‌ಆರ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಸಾಮಾನ್ಯವಾಗಿ ಕಂಪನಿಯ ಹೊಣೆ ಆಗುತ್ತಿತ್ತು.

ಇನ್ನೊಂದು ಮಾತು. ಕಾಶಿ ಇರುವುದು ಉತ್ತರಕ್ಕೆ. ನಮ್ಮನ್ನು ಮೊದಲು 470 ಕಿ.ಮೀ. ದಕ್ಷಿಣಕ್ಕೆ ಕಳಿಸಿದ್ದು ಯಾಕೆ? ಎರಡು ಟಿಕೆಟಿನ ಕಮಿಷನ್‌ಗೆ ಅಂತ ನನ್ನ ಗುಮಾನಿ. ಹೈದರಾಬಾದಿನಿಂದ ಕಾಶಿಗೆ ನೇರ ವಿಮಾನ ಇದೆ. ಕಲಬುರಗಿಯಿಂದ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ನಾಲ್ಕೈದು ತಾಸು, ಬೀದರ್ ಕಡೆಯವರಿಗೆ ಇನ್ನೂ ಹತ್ತಿರ.

ಬೆಂಗಳೂರಿಗೇ ಹೋಗುವವರೂ ಹಾರುವ ಸಮಯವನ್ನಷ್ಟೇ ನೋಡಬೇಡಿ. ಸೇಡಂ ರಸ್ತೆಯ ನಮ್ಮ ನಿಲ್ದಾಣಕ್ಕೆ ಹೋಗುವುದು, ಅಲ್ಲಿ ಕಾಯುವುದು, ಆಮೇಲೆ ದೇವನಹಳ್ಳಿಯಿಂದ ಮೆಜೆಸ್ಟಿಕ್ ತನಕ ಟ್ರಾಫಿಕ್, ಎಲ್ಲ ಸೇರಿ ಅರ್ಧ ದಿನ ಸುಮ್ನೆ ಹೋಗುತ್ತದೆ. ಬುಕ್ ಮಾಡುವ ಮುಂಚೆ ಈ ಮಾರ್ಗದಲ್ಲಿ ಈಗ ವಿಮಾನ ಇದೆಯಾ, ಆ ದಿನ ಇದೆಯಾ ಅಂತ ಕಂಪನಿಯ ವೆಬ್‌ಸೈಟಿನಲ್ಲೇ ನೋಡಿ.

ವಿಮಾನ ತಪ್ಪಿದ ಮೇಲೆ “ಏನೂ ವಾಪಸ್ ಬರಲ್ರಿ” ಅಂತ ಏಜೆಂಟ್ ಕೈ ಝಾಡಿಸಿದ. ಅದೂ ಸುಳ್ಳು. ಹತ್ತದೇ ಉಳಿದ ಟಿಕೆಟಿಗೂ ವಿಮಾನ ನಿಲ್ದಾಣದ ಶುಲ್ಕ ವಾಪಸ್ ಕೊಡಬೇಕು ಅಂತ ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮ ಇದೆ. ಮೊತ್ತ ಸಣ್ಣದು, ಆದರೂ ಕೇಳಿ ಪಡೆಯಿರಿ.