ಸಾಕ್ಷ್ಯ ಕೈಗಿಟ್ಟ ಮೇಲೆ ಕೈತೊಳೆದುಕೊಳ್ಳುವ ಸೇವೆ: ಬೆಂಗಳೂರಿನ ಖಾಸಗಿ ಪತ್ತೇದಾರಿ ಸಂಸ್ಥೆಯೊಂದರ ವಿಮರ್ಶೆ

ಗಂಡ ಹೆಂಡಿರ ವಿವಾಹೇತರ ಸಂಬಂಧಗಳನ್ನು ಪತ್ತೆ ಮಾಡಿಕೊಡುವುದಾಗಿ ಜಾಹೀರಾತು ನೀಡುವ ಬೆಂಗಳೂರಿನ ಖಾಸಗಿ ಪತ್ತೇದಾರಿ ಸಂಸ್ಥೆಯೊಂದರ ಸೇವೆಯನ್ನು ನನ್ನ ತಮ್ಮ ಪಡೆದಿದ್ದ. ವಿಚ್ಛೇದನದ ಅರ್ಜಿಗೆ ಸಾಕ್ಷ್ಯ ಬೇಕೆಂಬುದು ಅವನ ಉದ್ದೇಶವಾಗಿತ್ತು, ಒಪ್ಪಂದಕ್ಕೆ ಸಹಿ ಹಾಕುವಾಗ ಜೊತೆಯಲ್ಲಿ ನಾನೂ ಇದ್ದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಕೆಲಸ ಮಾಡುವ ಯಾರ ಬಳಿಗೆ ಹೋಗುವವರಿಗೂ ಈ ಮಾತು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಹಿಂಬಾಲಿಸುವ ಕೆಲಸವನ್ನು ಅವರು ಚೊಕ್ಕವಾಗಿಯೇ ಮಾಡಿದ್ದರು. ಚಿತ್ರಗಳು ಸ್ಪಷ್ಟವಾಗಿದ್ದವು, ಪ್ರತಿಯೊಂದರ ಕೆಳಗೂ ದಿನಾಂಕ, ಸಮಯ, ಸ್ಥಳ ನಮೂದಾಗಿದ್ದವು, ಮೊದಲು ಹೇಳಿದ ಶುಲ್ಕಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳಲಿಲ್ಲ. ಆದರೆ ಕಾನೂನಿನ ವಿಷಯದಲ್ಲಿ ಅವರು ಕೊಟ್ಟ ಸಲಹೆ ತಪ್ಪಾಗಿತ್ತು. ವರದಿ ಕೈಗೆ ಬಂದರೆ ತಮ್ಮನ ಹೆಂಡತಿಯೊಂದಿಗೆ ಸಂಬಂಧವಿದ್ದ ಗಂಡಸಿನ ಮೇಲೆ ಪೊಲೀಸ್ ಕೇಸ್ ಹಾಕಿಸಬಹುದು ಎಂದರು. ವ್ಯಭಿಚಾರವನ್ನು ಅಪರಾಧವೆಂದು ಹೇಳುತ್ತಿದ್ದ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ರದ್ದುಪಡಿಸಿದೆ; ವ್ಯಭಿಚಾರ ಈಗ ವಿಚ್ಛೇದನಕ್ಕೆ ಒಂದು ಕಾರಣ ಮಾತ್ರ. ಇನ್ನಷ್ಟು ಹಣ ಕೊಟ್ಟರೆ ಆ ವ್ಯಕ್ತಿಯ ಫೋನ್ ಕರೆಗಳ ವಿವರವನ್ನೂ ತರಿಸಿಕೊಡುತ್ತೇವೆ ಎಂದಾಗ ನಾವು ಬೇಡವೆಂದೆವು. ಹಾಗೆ ತರಿಸುವುದು ಕಾನೂನುಬಾಹಿರ. ಪತ್ನಿಯ ಸ್ನೇಹಿತನೆನ್ನಲಾದ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರವನ್ನು ಗಂಡನ ಕೋರಿಕೆಯ ಮೇಲೆ ತರಿಸುವುದು ಆ ವ್ಯಕ್ತಿಯ ಖಾಸಗಿತನಕ್ಕೆ ಧಕ್ಕೆ ತರುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಡಿಜಿಟಲ್ ಚಿತ್ರಗಳನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನೂ ಅವರು ಕೊಟ್ಟಿರಲಿಲ್ಲ, ನಮ್ಮ ವಕೀಲರು ಕೇಳಿದ ಮೇಲಷ್ಟೇ ಕಳಿಸಿದರು.

ಇವೆಲ್ಲ ಸರಿಪಡಿಸಬಹುದಾದ ಕೊರತೆಗಳು. ನನ್ನನ್ನು ನಿಜವಾಗಿ ಹೆದರಿಸಿದ್ದು ವರದಿಯನ್ನು ಒಪ್ಪಿಸಿದ ರೀತಿ. ರಾತ್ರಿ ಹನ್ನೊಂದರ ಸುಮಾರಿಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಅಷ್ಟೂ ಚಿತ್ರಗಳನ್ನು ತಮ್ಮನ ವಾಟ್ಸಾಪ್‌ಗೆ ಕಳಿಸಿಬಿಟ್ಟರು. ಪಕ್ಕದ ಕೋಣೆಯಲ್ಲಿ ಅವನ ಹೆಂಡತಿ ಮಲಗಿದ್ದಳು. ವರದಿಯ ಕೊನೆಯ ಪುಟದಲ್ಲಿ ಆ ಇನ್ನೊಬ್ಬನ ಮನೆಯ ವಿಳಾಸ, ಅವನು ಕೆಲಸದಿಂದ ಮರಳುವ ಹೊತ್ತು, ಬೈಕ್ ನಿಲ್ಲಿಸುವ ಜಾಗ, ಆ ಮನೆಯಲ್ಲಿ ಅವನೊಬ್ಬನೇ ಇರುತ್ತಾನೆಂಬ ವಿವರ, ಎಲ್ಲವೂ ಇದ್ದವು. ತಮ್ಮ ನನಗೆ ಫೋನ್ ಮಾಡಿ, "ಅಕ್ಕಾ, ಈಗಲೇ ಬಂದುಬಿಡು, ನನಗೆ ಏನು ಮಾಡಿಬಿಡ್ತೀನೋ ಗೊತ್ತಾಗ್ತಿಲ್ಲ" ಎಂದ. ನಾನು ಹೋಗಿ ಅವನನ್ನು ನಮ್ಮ ಮನೆಗೆ ಕರೆತಂದೆ. ಅವನು ಸಿಟ್ಟಿನ ಸ್ವಭಾವದವನಲ್ಲ, ಆದರೂ ಆ ರಾತ್ರಿಯ ಮಟ್ಟಿಗೆ ಅವನ ಮೇಲೆ ಅವನಿಗೇ ನಂಬಿಕೆಯಿರಲಿಲ್ಲ.

ವಿಷಯ ತಿಳಿದ ನಂತರದ ಕೆಲವು ಗಂಟೆಗಳು ಎಷ್ಟು ಅಪಾಯಕಾರಿ ಎಂಬುದಕ್ಕೆ ನಾನಾವತಿ ಪ್ರಕರಣವೇ ಸಾಕು. 1959ರ ಏಪ್ರಿಲ್ 27ರಂದು ಮುಂಬೈಯಲ್ಲಿ ನೌಕಾಪಡೆಯ ಅಧಿಕಾರಿ ಕೆ. ಎಂ. ನಾನಾವತಿಯವರಿಗೆ ಪತ್ನಿಯ ಸಂಬಂಧದ ವಿಷಯ ಮಧ್ಯಾಹ್ನ ಮನೆಯಲ್ಲಿ ತಿಳಿಯಿತು. ಅವರು ಹೆಂಡತಿ ಮಕ್ಕಳನ್ನು ಸಿನಿಮಾ ಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ, ಸುಳ್ಳು ಕಾರಣ ಹೇಳಿ ರಿವಾಲ್ವರ್ ಪಡೆದು, ಪತ್ನಿಯೊಂದಿಗೆ ಸಂಬಂಧವಿದ್ದ ಪ್ರೇಮ್ ಅಹುಜಾ ಅವರನ್ನು ಮೊದಲು ಕಚೇರಿಯಲ್ಲಿ ಹುಡುಕಿ, ಕೊನೆಗೆ ಫ್ಲ್ಯಾಟಿಗೇ ಹೋಗಿ ಕೊಂದರು. ಮನೆ ಬಿಟ್ಟ 1.30ಕ್ಕೂ ಕೊಲೆಯಾದ 4.20ಕ್ಕೂ ನಡುವೆ ಮನಸ್ಸನ್ನು ಹತೋಟಿಗೆ ತಂದುಕೊಳ್ಳಲು ಸಾಕಷ್ಟು ಸಮಯವಿತ್ತೆಂದು ಸುಪ್ರೀಂ ಕೋರ್ಟ್ 1961ರಲ್ಲಿ ಹಠಾತ್ ಪ್ರಚೋದನೆಯ ವಾದವನ್ನು ತಳ್ಳಿಹಾಕಿ, ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಾನೂನಿನ ಕಣ್ಣಿಗೆ ಆ ಸಮಯ ಸಾಕಿರಬಹುದು. ಆ ಹೊತ್ತಿನಲ್ಲಿ ತಡೆದು ನಿಲ್ಲಿಸುವ ಒಬ್ಬರಾದರೂ ಜೊತೆಗಿದ್ದಿದ್ದರೆ ಎಂದು ನನ್ನ ಮನಸ್ಸು ಕೇಳುತ್ತದೆ. ಅಮೆರಿಕದ ಹ್ಯೂಸ್ಟನ್ ಬಳಿ 2002ರಲ್ಲಿ ದಂತವೈದ್ಯೆಯೊಬ್ಬರು ಗಂಡನನ್ನು ಹೋಟೆಲೊಂದರ ಪಾರ್ಕಿಂಗ್ ಜಾಗದಲ್ಲಿ ಕಾರು ಹಾಯಿಸಿ ಕೊಂದಾಗ, ಅವರೇ ನೇಮಿಸಿದ್ದ ಪತ್ತೇದಾರಿ ಸಂಸ್ಥೆಯ ಕ್ಯಾಮೆರಾ ಅಲ್ಲಿ ಚಿತ್ರೀಕರಿಸುತ್ತಿತ್ತು. ಆ ದೃಶ್ಯ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು, ಅವರಿಗೆ 20 ವರ್ಷ ಶಿಕ್ಷೆಯಾಯಿತು.

ನಮ್ಮಲ್ಲಿ ಖಾಸಗಿ ಪತ್ತೇದಾರರಿಗೆ ಪರವಾನಗಿ ಕಡ್ಡಾಯ ಮಾಡಲೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾನೂನಾಗಲೇ ಇಲ್ಲ. ಹಾಗಾಗಿ ಎಚ್ಚರಿಕೆಯ ಭಾರವೆಲ್ಲ ಗ್ರಾಹಕರ ಮೇಲೆ ಬೀಳುತ್ತದೆ. ವರದಿಯನ್ನು ಹಗಲು ಹೊತ್ತಿನಲ್ಲಿ, ವಕೀಲರ ಕಚೇರಿಯಲ್ಲಿ, ನಂಬಿಕೆಯ ಒಬ್ಬರ ಎದುರಿನಲ್ಲೇ ಕೊಡಬೇಕೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಮೂರನೆಯ ವ್ಯಕ್ತಿಯ ವಿಳಾಸ ಕೋರ್ಟಿಗೆ ಬೇಕಾದರೆ ವಕೀಲರಿಗೆ ಮಾತ್ರ ತಲುಪಲಿ. ಅವನ ದಿನಚರಿ ಯಾರಿಗೂ ಬೇಕಿಲ್ಲ. ಮನೆಯಲ್ಲಿ ಮಾತು ಮಿತಿಮೀರುವ ಸೂಚನೆ ಕಂಡರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ 181 ಸಹಾಯವಾಣಿಯೂ ಇದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಆಪ್ತಸಮಾಲೋಚಕರಿರುತ್ತಾರೆ. ತಮ್ಮನೂ ಅವನ ಹೆಂಡತಿಯೂ ಎದುರುಬದುರು ಕುಳಿತು, ಕೂಗಾಟವಿಲ್ಲದೆ ಬೇರೆಯಾಗುವ ಮಾತನ್ನು ಆಡಲು ಸಾಧ್ಯವಾಗಿದ್ದು ಅಂಥ ಸಮಾಲೋಚಕಿಯೊಬ್ಬರ ಎದುರಿನಲ್ಲೇ.

ಮರುವಾರ ನಾನು ಆ ಸಂಸ್ಥೆಯ ಕಚೇರಿಗೆ ಹೋಗಿ ಕೇಳಿದಾಗ, "ಮೇಡಂ, ಒಪ್ಪಿಕೊಂಡ ಕೆಲಸ ಮುಗಿಸಿದ್ದೇವೆ, ಮುಂದಿನದು ನಿಮ್ಮ ಕುಟುಂಬದ ವಿಷಯ" ಎಂಬ ಉತ್ತರ ಬಂತು. ವರದಿ ಒಪ್ಪಿಸುವ ಕ್ರಮವನ್ನು ಬದಲಿಸಿ, ಚಿತ್ರಗಳ ಪ್ರತಿಗಳನ್ನು ಅಳಿಸಿಹಾಕಿ ಎಂದು ಲಿಖಿತವಾಗಿ ಕೇಳಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಐದರಲ್ಲಿ ಒಂದು ಅಂಕವನ್ನಷ್ಟೇ ಕೊಡುತ್ತಿದ್ದೇನೆ, ಅದೂ ಲೆಕ್ಕಪತ್ರದ ಪ್ರಾಮಾಣಿಕತೆಗೆ.